ಹುಣಸೆಹಣ್ಣಿನ ವೈರಿ

ಕಾಕಾರ ಬಲಗಣ್ಣಿನ ಸುತ್ತ ದುಂಡನೆಯ ಗುರುತೊಂದಿತ್ತು. ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಭೂತಗನ್ನಡಿಯನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಬಿದ್ದ ಉಂಗುರ ಅದು. ಎಡಗಣ್ಣು ಸಾದಾ, ಬಲಗಣ್ಣಿಗೆ ಮಾತ್ರ ಚೌಕಟ್ಟು. ಹೊಸಬರು ಯಾರೋ ಗುದ್ದಿದ್ದಾರೆ ಎಂದುಕೊಳ್ಳುತ್ತಿದ್ದರು. ಕಾಕಾರ ಮಾತು ಕೇಳಿದ ಮೇಲೆ, ಗುದ್ದಿದವನದೇನೂ ತಪ್ಪಿಲ್ಲ ಎಂದೂ ಅಂದುಕೊಳ್ಳುತ್ತಿದ್ದರು.

ನನಗೆ ಅವರು ರಕ್ತಸಂಬಂಧಿಯಲ್ಲ. ಸಿಂದಗಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಇರುವ ಮಳಿಗೆ ಅವರದು. ಮೇಲಿನ ಮನೆಯಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದರು. ಓಣಿಯವರೆಲ್ಲ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ನೌಕರಿಯಲ್ಲಿದ್ದಾಗ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಸಂತೆಗಳಲ್ಲಿ ಅವರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವಂತೆ.

ಕಟಾರಿಯ ಹುಚ್ಚು ಹಿಡಿದದ್ದೂ ಸಂತೆಯಲ್ಲೇ. ಇಂಡಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ತೂಕ ಹೊಡೆಯಲು ತಕ್ಕಡಿಯ ತಟ್ಟೆಯ ಕೆಳಗೆ ಕಬ್ಬಿಣದ ತುಂಡೊಂದನ್ನು ಕಟ್ಟಿದ್ದ. ಕಾಕಾ ಬಿಚ್ಚಿ ನೋಡಿದರೆ ಹಿಡಿ ಮುರಿದ ಹಳೆಯ ಕಟಾರಿ, ಯಾವುದೋ ಸರದಾರನ ಸೊಂಟದಲ್ಲಿ ಇದ್ದದ್ದು. ಮೊದಲು ದಂಡ ಹಾಕಿದರು. ಆಮೇಲೆ ಅಲ್ಲೇ ಮೆಣಸಿನಕಾಯಿ ಚೀಲದ ಮೇಲೆ ಕುಳಿತು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಸಂತೆ ಮುಗಿಯುವವರೆಗೂ ಏಳಲಿಲ್ಲವಂತೆ. ಉಳಿದ ವ್ಯಾಪಾರಿಗಳು ಆ ವಾರ ಮನಸ್ಸಿಗೆ ಬಂದಂತೆ ತೂಗಿದರು.

ನಿವೃತ್ತಿಯಾದ ಮೇಲೆ ಇದೇ ಅವರ ಉದ್ಯೋಗವಾಯಿತು. ನಮ್ಮ ಭಾಗದ ಹಳೆಯ ಮನೆತನಗಳ ಅಟ್ಟದ ಮೇಲೆ, ದೇವರ ಜಗಲಿಯ ಮೂಲೆಯಲ್ಲಿ ಏನೇನೋ ಬಿದ್ದಿರುತ್ತದೆ. ಆದಿಲಶಾಹಿ ಸೈನ್ಯದ ಕಟಾರಿ, ಮರಾಠಾ ಸಿಪಾಯಿಗಳ ಬಾಕು, ಮಹಾಯುದ್ಧಕ್ಕೆ ಹೋಗಿ ಬಂದವರು ಬಂದೂಕಿನ ತುದಿಗೆ ಸಿಕ್ಕಿಸುತ್ತಿದ್ದ ಸಂಗೀನು. ಪುಣೆ, ಹೈದರಾಬಾದಿನ ಸಂಗ್ರಾಹಕರಿಗೆ ಇವುಗಳ ಫೋಟೋ ಬೇಕು, ಇದು ಯಾವ ಕಾಲದ್ದು, ಅಸಲಿಯೋ ನಕಲಿಯೋ, ಯಾವ ಸ್ಥಿತಿಯಲ್ಲಿದೆ ಎಂದು ಹೇಳುವವರು ಬೇಕು. ಕಾಕಾ ಹೇಳುತ್ತಿದ್ದರು. ಕೊಳ್ಳುವ, ಮಾರುವ ಮಾತೇ ಇಲ್ಲ. "ನಾ ದಲಾಲ ಅಲ್ಲ" ಎಂದು ಹೊಸ್ತಿಲಲ್ಲೇ ಹೇಳಿ ಒಳಗೆ ಹೋಗುವವರು.

ಅವರ ಪರೀಕ್ಷೆ ನೋಡುವಂಥದ್ದು. ಮೊದಲು ಕಟಾರಿಯನ್ನು ಮೂಸುತ್ತಿದ್ದರು. "ಇದಕ್ಕ ತುಪ್ಪ ಹಚ್ಯಾರ" ಅನ್ನುವರು, ಮನೆಯವರು ಹೌದೆಂದು ಬೆರಗಾಗುವರು. ಆಮೇಲೆ ಉಗುರಿನಿಂದ ಚಿಮ್ಮಿ ಕಿವಿಗೆ ಹಿಡಿಯುವರು. ಕೊನೆಗೆ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ತುದಿಯಿಂದ ಹಿಡಿಯವರೆಗೆ ಇರುವೆ ನಡೆದಷ್ಟು ನಿಧಾನಕ್ಕೆ ನೋಡುವರು. ಸ್ಥಿತಿ ಹೇಳಲು ಅವರಲ್ಲಿ ಇದ್ದದ್ದು ಮೂರೇ ಮಾತು. "ಛೊಲೊ ಅದ." "ನಡೀತದ." "ಸತ್ತದ." ಮೂರನೆಯದನ್ನು ಹೇಳುವಾಗ ಟೊಪ್ಪಿಗೆ ತೆಗೆಯುತ್ತಿದ್ದರು, ಮನೆಯವರಿಗೆ ಎದೆ ಝಲ್ಲೆನ್ನುತ್ತಿತ್ತು.

ನನ್ನ ಹತ್ತಿರ ಬಂದದ್ದು ಫೋಟೋಕ್ಕಾಗಿ. ತಮ್ಮ ಮೊಬೈಲಿನಲ್ಲಿ ತಾವೇ ತೆಗೆದರೆ ಕಟಾರಿಗಿಂತ ಹೆಬ್ಬೆರಳೇ ಚೆನ್ನಾಗಿ ಬರುತ್ತಿತ್ತು. ನಾನು ಮದುವೆ ಫೋಟೋದವನು. ಕೆಂಪು ಮಖಮಲ್ಲು ಹಾಸಿ, ಸುತ್ತ ಗುಲಾಬಿ ಪಕಳೆ ಉದುರಿಸಿ, ಕಟಾರಿಯನ್ನು ಮದುಮಗಳ ಹಾಗೆ ಮಲಗಿಸಿ ತೆಗೆದೆ. ಆಮೇಲೆ ಕಂಪ್ಯೂಟರಿನಲ್ಲಿ ಕುಳಿತು ಕಲೆಗಳನ್ನೆಲ್ಲ ಅಳಿಸಿ ಲಕಲಕ ಹೊಳೆಯುವಂತೆ ಮಾಡಿ ಕೊಟ್ಟೆ. ಕಾಕಾ ಭೂತಗನ್ನಡಿಯನ್ನು ಫೋಟೋದ ಮೇಲೆಯೇ ಹಿಡಿದು ನೋಡಿದರು.

"ಇಲ್ಲೊಂದು ಕಲಿ ಇತ್ತಲ್ಲ?"

"ತಗದೇನ್ರಿ ಕಾಕಾ. ಹೆಂಗ ಸ್ವಚ್ಛ ಆಗೇತಿ ನೋಡ್ರಿ."

"ಈ ಅಂಚಿಗೆ ಒಂದು ಮುಕ್ಕು ಇತ್ತು."

"ಅದನ್ನೂ ತುಂಬೇನ್ರಿ."

"ತಮ್ಮಾ," ಎಂದರು, ದನಿ ಬಹಳ ಮೆತ್ತಗಿತ್ತು, "ಮದುಮಗಳ ಮಾರಿ ಮ್ಯಾಲಿನ ಮೊಡವಿ ತಗಿ, ಆಕಿ ನಿನ್ನ ಹರಸ್ತಾಳ. ನನ್ನ ಕಟಾರಿ ಮೊಡವಿ ತಗದ್ರ ಈ ಫೋಟೋ ಕೇಳಿದ ಪುಣೆದ ಕರ್ನಲ್ ನನ್ನ ಕಳ್ಳ ಅಂತಾನ. ಮುನ್ನೂರು ವರ್ಷದ ಮುದುಕಗ ಪೌಡರ್ ಹಚ್ಚಿ ವರಾ ಮಾಡಿಟ್ಟೀಯಲ್ಲೊ."

ಅಂದಿನಿಂದ ನನ್ನ ನಿಜವಾದ ಕಲಿಕೆ ಶುರುವಾಯಿತು. ಉಕ್ಕಿನ ಫೋಟೋ ತೆಗೆಯುವುದೆಂದರೆ ಕನ್ನಡಿಯ ಫೋಟೋ ತೆಗೆದ ಹಾಗೆ, ಒಳಗೆ ನಾನೇ ಕಾಣುತ್ತಿದ್ದೆ, ನನ್ನ ಹಿಂದೆ ಇಣುಕುತ್ತಿದ್ದ ಮನೆಯವರೆಲ್ಲ ಕಾಣುತ್ತಿದ್ದರು. ಕಾಕಾ ಚೀಲದಿಂದ ಇನ್ನೊಂದು ಬಿಳಿ ಧೋತರ ತೆಗೆದು ಕಿಟಕಿಗೆ ಅಡ್ಡ ಹಿಡಿದು ನಿಲ್ಲುವರು. ಬಿಸಿಲು ಅದರಲ್ಲಿ ಸೋಸಿ ಹಾಲಿನಂತೆ ಬೀಳುವುದು, ಆಗ ಉಕ್ಕಿನ ಒಳಗಿನ ಗೆರೆ ಗೆರೆಯೂ ಮೇಲೆ ಬರುವುದು. ಎರಡೂ ಮಗ್ಗುಲು, ಬೆನ್ನು, ತುದಿ, ಹಿಡಿ, ಪಕ್ಕದಲ್ಲೊಂದು ಅಳತೆ ಪಟ್ಟಿ. ಅಷ್ಟೇ. ಗುಲಾಬಿ ಇಲ್ಲ. ಮುದ್ದೇಬಿಹಾಳದ ಹತ್ತಿರ ಒಂದು ಮನೆಯಲ್ಲಿ ಮಹಾಯುದ್ಧದ ಸಂಗೀನನ್ನು ಆಡು ಕಟ್ಟುವ ಗೂಟ ಮಾಡಿ ಅಂಗಳದಲ್ಲಿ ಹೊಡೆದಿದ್ದರು. ಆಡು ಗೂಟ ಬಿಟ್ಟು ಸರಿಯಲೊಲ್ಲದು. ಅದರ ಸಮೇತವೇ ಫೋಟೋ ಹೋಯಿತು. ಹೈದರಾಬಾದಿನವರು ಸಂಗೀನಿನ ಬಗ್ಗೆ ಏನೂ ಕೇಳದೆ ಆಡಿನ ತಳಿ ಯಾವುದೆಂದು ಕೇಳಿದರು.

ಕಾಕಾರಿಗೆ ಲೋಕದಲ್ಲಿ ಇಬ್ಬರು ವೈರಿಗಳು. ಮೊದಲನೆಯದು ನಿಂಬೆಹಣ್ಣು. ನಮ್ಮ ಕಡೆ ಮದುಮಗ ಕೈಯಲ್ಲಿ ಕಟಾರಿ ಹಿಡಿಯುತ್ತಾನೆ, ದೃಷ್ಟಿಯಾಗಬಾರದೆಂದು ಅದರ ತುದಿಗೆ ನಿಂಬೆಹಣ್ಣು ಚುಚ್ಚಿರುತ್ತಾರೆ. ಆ ಹುಳಿ ಉಕ್ಕನ್ನು ತಿನ್ನುತ್ತದೆ. "ಯುದ್ಧದಾಗ ಉಳದದ್ದು ಮದುವ್ಯಾಗ ಸಾಯ್ತದ ನೋಡು" ಅನ್ನುವರು. ಎರಡನೆಯ, ದೊಡ್ಡ ವೈರಿ ಹುಣಸೆಹಣ್ಣು. ಖಂಡೇನವಮಿಗೆ ಮನೆಯ ಆಯುಧಗಳ ಪೂಜೆ. ಪೂಜೆ ಎಂದ ಮೇಲೆ ತೊಳೆಯಬೇಕು, ತೊಳೆಯುವುದೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಹುಣಸೆಹಣ್ಣು, ಬೂದಿ, ಇಟ್ಟಂಗಿ ಪುಡಿ. ನೂರಾರು ವರ್ಷ ಕಾದು ಕಬ್ಬಿಣ ಹೊದ್ದುಕೊಂಡ ಕಪ್ಪು ಚರ್ಮ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ. ಅದರೊಳಗೆ ಬಡಿದು ಕೂರಿಸಿದ ಚಿನ್ನದ, ಬೆಳ್ಳಿಯ ಎಳೆಗಳೂ ಮೋರಿಯ ಪಾಲು. "ಕಬ್ಬಿಣ ಸುಳ್ಳ ಹೇಳೂದಿಲ್ಲ. ತಿಕ್ಕಿ ತಿಕ್ಕಿ ನಾವ ಹೇಳಸ್ತೀವಿ" ಎಂಬುದು ಕಾಕಾರ ಮಾತು. ದಸರೆ ಹತ್ತಿರ ಬಂತೆಂದರೆ ನನ್ನ ಬೈಕಿನ ಹಿಂದೆ ಕುಳಿತು ಊರೂರು ತಿರುಗಿ, ಸೊಸೆಯಂದಿರಿಗೆ ಕೈಮುಗಿದು ತಿಕ್ಕಬೇಡಿ ಎಂದು ಹೇಳಿ ಬರುವರು.

ಈಗ ನನ್ನ ಕಥೆ ಹೇಳಬೇಕು. ನನಗೆ ಹೆಣ್ಣು ಸಿಗುತ್ತಿರಲಿಲ್ಲ. ವರ್ಷವಿಡೀ ಮದುವೆ ಮಂಟಪದಲ್ಲೇ ಬದುಕುವವನು ನಾನು, ನನ್ನ ಮದುವೆಗೆ ಮಾತ್ರ ಮಂಟಪವಿಲ್ಲ. "ದಿನಾ ನೂರು ಹುಡುಗ್ಯಾರ ಮಾರಿ ನೋಡಾಂವ, ನಮ್ಮ ಹುಡುಗಿ ಮಾರಿ ಏನ್ ನೋಡ್ತಾನ" ಎಂದು ಮುದ್ದೇಬಿಹಾಳದಲ್ಲೊಬ್ಬರು ಮುಖಕ್ಕೇ ಹೇಳಿದರು. ಅಪ್ಪ ಇಲ್ಲ. ಹಿರಿಯರೆಂದು ಕಾಕಾರನ್ನು ಕರೆದುಕೊಂಡು ಇಂಡಿಗೆ ಒಂದು ಹೆಣ್ಣು ನೋಡಲು ಹೋದೆವು. ಹುಡುಗಿ ಒಪ್ಪಿದ್ದಳು, ನಾನು ಒಪ್ಪಿದ್ದೆ, ಅವ್ವ ಮನಸ್ಸಿನಲ್ಲೇ ಸೀರೆ ಹಂಚುತ್ತಿದ್ದಳು. ಅಷ್ಟರಲ್ಲಿ ಆ ಮನೆಯ ಯಜಮಾನರು, ನೀವು ಬಂದೇ ಬಂದಿರಿ ಎಂದು, ಕಟಾರಿ ತಂದು ಕಾಕಾರ ಮುಂದಿಟ್ಟರು. ಅದು ಸ್ಟೀಲಿನ ಚಮಚದಂತೆ ಹೊಳೆಯುತ್ತಿತ್ತು.

"ಯಾರಿದನ್ನ ತಿಕ್ಕಿದ ಪುಣ್ಯಾತ್ಮರು?" ಎಂದರು ಕಾಕಾ.

"ನಾನ್ರೀ" ಎಂದರು ಹುಡುಗಿಯ ತಾಯಿ, ಸೆರಗು ಸರಿ ಮಾಡಿಕೊಂಡು.

"ಬಾಯಾರ, ನೀವು ತಿಕ್ಕಿದ್ದು ತುಕ್ಕಲ್ಲ, ನಿಮ್ಮ ಅತ್ತಿಮನಿ ಹಿರೇರ ಹೆಸರು. ಸತ್ತದ ಇದು. ಇನ್ನ ಮ್ಯಾಲೆ ಇದರಿಂದ ಬದನಿಕಾಯಿ ಹೆಚ್ಚರಿ."

ಉಪ್ಪಿಟ್ಟು ಬರುವ ಮೊದಲೇ ನಾವು ಬೀದಿಯಲ್ಲಿದ್ದೆವು. ಮನೆಗೆ ಬಂದ ಮೇಲೆ ಅವ್ವ ನನಗೆ ಹೇಳಿದಳು: "ಆ ಕಾಕಾನ ಕರ್ಕೊಂಡು ಹೆಣ್ಣು ನೋಡಾಕ ಹೋಗೂದಕ್ಕಿಂತ ನೀ ಸ್ವಾಮಿ ಆಗಿ ಬಿಡು. ಲಚ್ಯಾಣದ ಮಠ ಏನ್ ದೂರಿಲ್ಲ." ಕಾಕಾರನ್ನು ಕೇಳಿದರೆ ಅವರಿಗೇನೂ ಪಶ್ಚಾತ್ತಾಪವಿಲ್ಲ. "ಹುಡುಗಿ ಛೊಲೊ ಇದ್ಳು, ಕಟಾರಿ ಸತ್ತಿತ್ತು. ಎರಡೂ ಖರೆ. ಯಾವುದನ್ನ ಬಿಡ್ಲಿ?"

ಕೆಲವು ತಿಂಗಳ ಮೇಲೆ ಮನಗೂಳಿಯಿಂದ ಒಂದು ಸಂಬಂಧ ಬಂತು. ಹುಡುಗಿ ಬಾಗೇವಾಡಿಯಲ್ಲಿ ಶಾಲೆ ಮಾಸ್ತರಿಕೆ ಮಾಡುತ್ತಿದ್ದಳು. ಸಾಕಿ ಬೆಳೆಸಿದ್ದು ಅಜ್ಜ. ಊರಿಗೆಲ್ಲ ಅವರು ಮುತ್ಯಾ. ಮೊಮ್ಮಗಳ ಬಗ್ಗೆ ಯಾರಾದರೂ ಒಂದು ಒರಟು ಮಾತಾಡಿದರೆ ಮುತ್ಯಾ ಅವರನ್ನು ಕೈ ಹಿಡಿದು ಹೊಸ್ತಿಲು ದಾಟಿಸುತ್ತಾರೆ, ಹಾಗೆ ಎರಡು ಸಂಬಂಧ ಮುರಿದಿವೆ ಎಂದು ನಡುವಿನವರು ಮೊದಲೇ ಎಚ್ಚರ ಹೇಳಿದ್ದರು. ಅವ್ವ ಈ ಸಲ ಕಾಕಾರನ್ನು ಬಿಟ್ಟು ಹೋಗುವುದೆಂದು ಗಟ್ಟಿ ಮಾಡಿದ್ದಳು. ಆದರೆ ಮುತ್ಯಾರಿಂದಲೇ ಹೇಳಿಕೆ ಬಂತು: ಹುಡುಗನ ಕಡೆ ಕಟಾರಿ ನೋಡುವ ಕಾಕಾ ಇದ್ದಾರಂತಲ್ಲ, ಅವರು ಬರಲೇಬೇಕು, ನಮ್ಮ ಮನೆಯಲ್ಲೂ ಹಿರಿಯರ ಕಟಾರಿ ಇದೆ. ಜೊತೆಗೆ ಮೊಬೈಲಿಗೆ ಕತ್ತಲು ಕತ್ತಲಾದ ಒಂದು ಫೋಟೋ.

ಕಾಕಾ ಮೊಬೈಲಿನ ಗಾಜಿಗೆ ಭೂತಗನ್ನಡಿ ಒತ್ತಿದರು. ಮಸಿ, ಎಣ್ಣೆಯ ಕೊಳೆ, ಅದರ ಕೆಳಗೆ ಅಲಗಿನ ಬುಡದಲ್ಲಿ ತೆಳ್ಳಗೆ ಒಂದು ಚಿನ್ನದ ಬಳ್ಳಿ. ಮೊಬೈಲನ್ನು ಬಾಗಿಲ ಬೆಳಕಿಗೆ ಒಯ್ದು ಮತ್ತೊಮ್ಮೆ ನೋಡಿದರು.

"ಇದು ಬಿಜಾಪುರದ ಹಳೇ ಕಸಬುದಾರರ ಕೈ, ತಮ್ಮಾ. ಇಂಥಾದ್ದು ನಮ್ಮ ಕಡೆ ಮನ್ಯಾಗ ಉಳದದ್ದು ನಾ ನೋಡಿಲ್ಲ."

ಪುಣೆಯ ಕರ್ನಲ್ ಸಾಹೇಬರು ದಖ್ಖನಿನ ಕಟಾರಿಗಳ ಮೇಲೊಂದು ಪುಸ್ತಕ ಮಾಡುತ್ತಿದ್ದರು. ನಮ್ಮ ಭಾಗದ್ದು ಒಂದಾದರೂ ಅದರಲ್ಲಿ ಬರಬೇಕೆಂಬುದು ಕಾಕಾರ ಬಹುಕಾಲದ ಆಸೆ. ಅಂದೇ ಮರಾಠಿಯಲ್ಲಿ ಫೋನಾಯಿತು, ಇಡೀ ಒಂದು ಪುಟ ಖಾಲಿ ಇಡುತ್ತೇನೆಂದು ಕರ್ನಲ್ ಮಾತು ಕೊಟ್ಟರು. ದಸರೆ ಇನ್ನೂ ದೂರವಿತ್ತು, ತಿಕ್ಕಬೇಡಿ ಎಂದು ಹೇಳಿ ಕಳಿಸುವುದು ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ. ಹೆಣ್ಣು ನೋಡಲು ಹೊರಟವನು ನಾನು, ಹೊಸ ಧೋತರ ಉಟ್ಟವರು ಅವರು.

ಜೀಪಿನಲ್ಲಿ ಅವ್ವ ಒಂದು ಇಡೀ ಅಡಿಕೆ ತೆಗೆದು ಕಾಕಾರ ಕೈಗಿಟ್ಟಳು. "ಇದನ್ನ ಬಾಯಾಗ ಇಟ್ಕೋರಿ. ಅವರ ಮನಿ ಬಿಡೂತನಕ ನುಂಗಬ್ಯಾಡ್ರಿ, ಉಗಳಬ್ಯಾಡ್ರಿ. ನಿಮಗ ಮಾತ ಬಂತಂದ್ರ ಅದನ್ನ ಕಡೀರಿ." ಊರ ಸಂತೆಗಳನ್ನೆಲ್ಲ ನಡುಗಿಸಿದ ಮನುಷ್ಯ ಅಡಿಕೆಯನ್ನು ದವಡೆಗೆ ಸೇರಿಸಿದರು.

ಮನಗೂಳಿಯ ಮನೆಯಲ್ಲಿ ಹುಡುಗಿ ನೀರು ಕೊಟ್ಟಳು, ಶಿರಾ ಕೊಟ್ಟಳು. ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿತ್ತಲಿಗೆ ಕಳಿಸಿದರು. ಅವಳೇ ಮೊದಲು ಬಾಯಿ ಬಿಟ್ಟಳು. "ಎಲ್ಲಾರಿಗೂ ನಗ್ರಿ ನಗ್ರಿ ಅಂತ ಫೋಟೋ ತಗೀತೀರಿ. ನೀವ್ಯಾಕ ಗಂಟಮಾರಿ ಹಾಕ್ಕೊಂಡೀರಿ?" ನನಗೆ ನಗು ಬಂತು, ಹಾಗೆಯೇ ಎದೆಯಲ್ಲಿ ಹೆದರಿಕೆಯೂ ಬಂತು. ಇದೇ ಹುಡುಗಿ ಬೇಕು ಅನ್ನಿಸಿಬಿಟ್ಟಿತ್ತು. ಇಂಡಿಯ ಸಂಬಂಧ ಕೈತಪ್ಪಿದಾಗ ಊಟ ಮಾಡಿ ಮಲಗಿದ್ದೆ. ಇದು ತಪ್ಪಿದರೆ ಹಾಗೆ ಮಲಗಲು ಆಗುವುದಿಲ್ಲವೆಂದು ಗೊತ್ತಾಯಿತು.

ಒಳಗೆ ಬಂದಾಗ ಮುತ್ಯಾ ಹಿತ್ತಾಳೆ ಪರಾತದಲ್ಲಿ ಕೆಂಪು ಬಟ್ಟೆ ಮುಚ್ಚಿ ಕಟಾರಿ ತರಿಸುತ್ತಿದ್ದರು. ಬಟ್ಟೆ ಸರಿಸಿದರು. ಬೆಳಕು ನನ್ನ ಕಣ್ಣು ಕುಕ್ಕಿತು. ಮಸಿ ಇಲ್ಲ, ಕಪ್ಪಿಲ್ಲ, ಬಳ್ಳಿಯಿಲ್ಲ. ನಿನ್ನೆ ತಾನೇ ಅಂಗಡಿಯಿಂದ ತಂದ ಈಳಿಗೆಯ ಹಾಗೆ ಬೆಳ್ಳಗಿತ್ತು.

"ನಿನ್ನಿ ಮುಂಜಾನಿಂದ ಸಂಜಿತನಕ ನಮ್ಮ ಹುಡುಗಿ ಕುಂತು ತಿಕ್ಯಾಳ್ರಿ," ಎಂದರು ಮುತ್ಯಾ, ಮೀಸೆಯಲ್ಲೇ ನಗುತ್ತ. "ಇಂಥಾ ದೊಡ್ಡ ಮನಶ್ಯಾರು ನೋಡಾಕ ಬರ್ತಾರ, ಹೊಲಸ ಇಟ್ಟು ತೋರಸೂದು ಬರೋಬ್ಬರಿ ಅಲ್ಲ ಅಂದ್ಳು. ಹುಣಸಿಹಣ್ಣ, ಇಟ್ಟಂಗಿ ಪುಡಿ, ಮತ್ತ ಹುಣಸಿಹಣ್ಣ. ಕೆಲಸದಾಗ ಕಸರ ಇಲ್ರಿ ನಮ್ಮ ಹುಡುಗಿದು."

ಅವ್ವ ಕಣ್ಣು ಮುಚ್ಚಿ ಮನೆದೇವರನ್ನು ನೆನೆದಳು. ಕಾಕಾ ಕಟಾರಿ ಎತ್ತಿಕೊಂಡರು. ಮೂಸಲಿಲ್ಲ, ಚಿಮ್ಮಲಿಲ್ಲ. ನೇರ ಭೂತಗನ್ನಡಿ ಹಾಕಿಕೊಂಡು ಅಲಗಿನ ಬುಡ ನೋಡಿದರು. ಹಿಡಿಯ ಸಂದಿಯಲ್ಲಿ ಕೂದಲೆಳೆಯಷ್ಟು ಚಿನ್ನ ಸಿಕ್ಕಿಕೊಂಡು ಉಳಿದಿತ್ತು. ಪಕ್ಕದಲ್ಲಿ ಕುಳಿತ ನನಗೂ ಅದು ಕಂಡಿತು. ಅವರ ದವಡೆ ಬಿಗಿಯಿತು. ಬಾಯೊಳಗೆ ಕಟಕ್ ಎಂದು ಸದ್ದಾಯಿತು.

"ಯಾರು ತಿಕ್ಕಿದ್ದು?" ಎಂದರು. ಈಗಷ್ಟೇ ಹೇಳಿದ್ದನ್ನು ಮತ್ತೆ ಕೇಳುತ್ತಿದ್ದಾರೆ ಎಂದರೆ ಆಟ ಮುಗಿಯಿತು ಅಂದುಕೊಂಡೆ.

"ನಾನ್ರೀ" ಎಂದಳು ಹುಡುಗಿ.

"ಒಬ್ಬಾಕಿನ?"

"ಹೌದ್ರಿ. ಬಟ್ಟು ಉರಿಯಾಕತ್ತಿದ್ವು, ಆದ್ರೂ ಬಿಡಲಿಲ್ರಿ." 

ಅವಳು ಕೈ ಮುಂದೆ ಚಾಚಿ ತೋರಿಸಿದಳು. ಇಟ್ಟಂಗಿ ಪುಡಿಗೆ ಬೆರಳ ತುದಿಗಳೆಲ್ಲ ಸೀಳಿದ್ದವು, ಉಗುರಿನ ಸಂದಿ ಇನ್ನೂ ಕೆಂಪಗಿತ್ತು. ಕಾಕಾರ ಕಣ್ಣಲ್ಲಿ ಭೂತಗನ್ನಡಿ ಹಾಗೆಯೇ ಇತ್ತು. ಅದರಲ್ಲೇ ಆ ಬೆರಳುಗಳನ್ನು ಒಂದೊಂದಾಗಿ ನೋಡಿದರು, ಕಟಾರಿ ನೋಡುವಷ್ಟೇ ನಿಧಾನಕ್ಕೆ. ಮುತ್ಯಾ ಮುಂದಕ್ಕೆ ಬಾಗಿ ಕೇಳಿದರು, "ಹೆಂಗೈತ್ರಿ ಮತ್ತ?"

ಕಾಕಾರ ಕೈ ಟೊಪ್ಪಿಗೆಯವರೆಗೆ ಹೋಯಿತು. ಅಲ್ಲಿ ತಲೆ ಕೆರೆದುಕೊಂಡು ಕೆಳಗೆ ಬಂತು.

"ಛೊಲೊ ಅದ" ಎಂದರು. "ಭಾಳ ಹಳೇದು. ಬಿಜಾಪುರದ ಕೈ."

"ತಿಕ್ಕಿದ್ದು?"

"ಇಷ್ಟು ಮನಸಿಟ್ಟು ತಿಕ್ಕಿದ್ದು ನಾ ನಮ್ಮ ನಾಲ್ಕೂ ತಾಲೂಕಿನ್ಯಾಗ ನೋಡಿಲ್ರಿ."

ಮುತ್ಯಾ ಅಲ್ಲೇ ಸಕ್ಕರೆ ತರಿಸಿದರು. ಲಗ್ನ ಗಟ್ಟಿಯಾಯಿತು. ಮನೆಯವರ ಸಮಾಧಾನಕ್ಕೆ ಅಂಗಳದಲ್ಲಿ ಕಟಾರಿಯ ಫೋಟೋ ತೆಗೆದೆ. ಕಾಕಾ ಎಂದಿನಂತೆ ಧೋತರದ ಬಟ್ಟೆ ಅಡ್ಡ ಹಿಡಿದು ನಿಂತರು. ಬಟ್ಟೆ ಅಲುಗಾಡುತ್ತಿತ್ತು, ಆ ಹೊತ್ತಿನಲ್ಲಿ ಗಾಳಿ ಇರಲಿಲ್ಲ.

ಮರಳಿ ಬರುವಾಗ ಜೀಪು ಊರು ದಾಟಿದ ಮೇಲೆ ಅವ್ವ ಕಣ್ಣೊರೆಸಿಕೊಂಡು, "ಕಾಕಾರ, ನಿಮ್ಮ ಉಪಕಾರ ಹೆಂಗ ತೀರಸೂನ್ರಿ" ಎಂದಳು. ಕಾಕಾ ಕಿಟಕಿಯಿಂದ ಉಗುಳಿದರು. "ಅಡಿಕಿ ಭಾಳ ಗಟ್ಟಿ ಇತ್ತು ಬಾಯಾರ. ಒಂದು ಹಲ್ಲು ಹೋತು."

ಮನೆ ತಲುಪಿದೊಡನೆ ಕರ್ನಲ್ಲರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟೇ ಮಾತಾಡಿದರು. ಆ ಪುಸ್ತಕ ಆಮೇಲೆ ಬಂತು. ನಮಗೆಂದು ಇಟ್ಟಿದ್ದ ಪುಟದಲ್ಲಿ ಬೇರೆ ಕಡೆಯ ಯಾವುದೋ ಕಟಾರಿ ಇದೆ.

ನನ್ನ ಹೆಂಡತಿಗೆ ಇದು ತಿಳಿಯಬಾರದೆಂದು ಕಾಕಾ ಮಾಡಿದ ಸರ್ಕಸ್ಸು ಅಷ್ಟಿಷ್ಟಲ್ಲ. ಸ್ಟುಡಿಯೋದಲ್ಲಿ ಕುಳಿತು ಯಾವನೋ ರೈತನಿಗೆ, ತಿಕ್ಕಿ ಹಾಳು ಮಾಡಿದಿರಿ, ಕೈಯಲ್ಲಿ ಹುಣಸೆಹಣ್ಣು ಹಿಡಿದವರನ್ನು ಜೈಲಿಗೆ ಹಾಕಬೇಕು ಎಂದು ಗದರಿಸುತ್ತಿರುವಾಗ ಇವಳು ಡಬ್ಬಿ ಹಿಡಿದು ಒಳಗೆ ಬರುವಳು. ಕಾಕಾ ಅದೇ ಉಸಿರಿನಲ್ಲಿ, "ತಿಕ್ಕಬೇಕ್ರಿ, ತಿಕ್ಕಬಾರ್ದು ಅಂತಲ್ಲ, ಮನಸಿಟ್ಟು ತಿಕ್ಕಬೇಕು" ಅನ್ನುವರು. ಪಾಪ, ರೈತ ಈಗ ತಿಕ್ಕಬೇಕೋ ಬಿಡಬೇಕೋ ತಿಳಿಯದೆ ನನ್ನ ಮುಖ ನೋಡುವನು. ವರ್ಷಗಟ್ಟಲೆ ಇದು ನಡೆಯಿತು.

ಅವಳೇನು ದಡ್ಡಿಯೇ? ಯಾವಾಗ ತಿಳಿದುಕೊಂಡಳೋ, ನನಗೂ ಹೇಳಿರಲಿಲ್ಲ. ಕಾಕಾ ಹಾಸಿಗೆ ಹಿಡಿದ ಮೇಲೆ ಒಂದು ದಿನ ಹಾಲು ಕೊಡುತ್ತ ಕೇಳಿಯೇಬಿಟ್ಟಳು.

"ಕಾಕಾರ, ಒಂದು ಖರೇ ಮಾತ ಹೇಳ್ರಿ. ನಾ ಆ ಕಟಾರಿ ಕೆಡಿಸೇನಿ, ಹೌದಲ್ರಿ?"

ಕಾಕಾ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

"ಸಾಯಿಸೀದಿ ತಂಗಿ," ಎಂದರು. "ಎಳ್ಳಷ್ಟೂ ಉಳಸ್ಲಿಲ್ಲ."

"ಅವತ್ತ ಹೇಳಬೇಕಿಲ್ರಿ? ನಾ ಏನ್ ಅಂದ್ಕೊತಿದ್ದಿಲ್ಲ."

"ನೀ ಅಂದ್ಕೊತಿದ್ದಿಲ್ಲ. ನಿಮ್ಮ ಮುತ್ಯಾ ನಮ್ಮ ಕೈ ಹಿಡಿದು ಹೊರಗ ಹಾಕ್ತಿದ್ರು." ಕೆಮ್ಮು ಬಂತು, ತಡೆದುಕೊಂಡರು. "ಅಲ್ಲ, ಅಂಥಾ ಕಟಾರಿ ಹುಡಿಕಿದ್ರ ಇನ್ನೊಂದು ಸಿಕ್ಕೀತು. ಈ ಮಂಗ್ಯಾಗ ಇನ್ನೊಂದು ಹೆಣ್ಣು ಎಲ್ಲಿಂದ ಸಿಗ್ತಿತ್ತು?"

ಅವಳು ಅಳುತ್ತಲೇ ನಕ್ಕಳು. ಕಾಕಾರೂ ನಕ್ಕರು, ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಆ ವಾರವೇ ತೀರಿಕೊಂಡರು.

ಅಂಥ ಕಟಾರಿ ಇನ್ನೊಂದು ಸಿಗಲಿಲ್ಲ. ಅವರು ಕಾಲಿನಲ್ಲಿ ಶಕ್ತಿ ಇರುವವರೆಗೂ ಹುಡುಕಿದರು. ಬೈಕು ಓಡಿಸಿದವನು ನಾನೇ.